ಕಟ್ಟಾಯದ ಕೊಟ್ಟಿಗೆಯಿಂದ ಮಾಯವಾದ ಮಸ್ಕತ್ ಕಾರು

“ನಮ್ಮತ್ತೆ ಹೆತ್ತ ಮಗನ್ನೇ ಕಳ್ಳ ಅಂತವ್ಳೆ ಮೇಡಂ! ನಾಳೆ ಸ್ಟೇಷನ್‌ಗೆ ಓಗಿ ಕಂಪ್ಲೇಂಟು ಕೊಡ್ತಾಳಂತೆ,” ಎಂದು ನಿಸರ್ಗ ಅಳುವಿಗಿಂತ ಹೆಚ್ಚು ಸಿಟ್ಟಿನಲ್ಲೇ ಹೇಳಿದಳು.

ನಿವೃತ್ತ ಇನ್‌ಸ್ಪೆಕ್ಟರ್ ಜಯಲಕ್ಷ್ಮಮ್ಮ ಹಾಸನದ ತಮ್ಮ ಮನೆಯಲ್ಲಿ ಹುರುಳಿಕಾಳು ಆರಿಸುತ್ತಾ ಕೇಳಿಸಿಕೊಂಡರು. ಅವರ ಕೈಕೆಳಗೆ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಚಲುವಯ್ಯ ನಿವೃತ್ತನಾದ ಮೇಲೂ ಅವರ ಬೆನ್ನು ಬಿಟ್ಟಿರಲಿಲ್ಲ. ಮನೆಜಗಳವೆಂದರೆ ಅವನಿಗೆ ಮೈಯೆಲ್ಲ ಉರಿ. ಕಳ್ಳರಾದರೂ ವಾಸಿ, ಗದರಿದರೆ ನಿಜ ಕಕ್ಕುತ್ತಾರೆ, ನೆಂಟರು ಕಕ್ಕುವುದಿಲ್ಲ ಎಂಬುದು ಅವನ ಅನುಭವ.

ನಿಸರ್ಗಳ ನಾದಿನಿ ಭವ್ಯಶ್ರೀ ಮಸ್ಕತ್ತಿನಲ್ಲಿ ನರ್ಸು. ಊರಿಗೆ ಮರಳುವಾಗ ಅಲ್ಲಿ ಓಡಿಸುತ್ತಿದ್ದ ಕಾರನ್ನೂ ತರಿಸುವ ಆಸೆ. ಚನ್ನರಾಯಪಟ್ಟಣದಲ್ಲಿ ಟ್ರಾವೆಲ್ಸ್ ಇಟ್ಟಿದ್ದ ಸೋದರಮಾವನ ಮಗ ದಿಲೀಪ ಹೊಣೆ ಹೊತ್ತ. ಹೊರದೇಶದ ಹಳೇ ಕಾರಿಗೆ ಕಾರಿನ ಬೆಲೆಯನ್ನೂ ಮೀರಿದ ಸುಂಕ. ಅದಷ್ಟನ್ನೂ ಅವಳು ಅವನಿಗೇ ಕಳಿಸಿದಳು. ಕಾರು ಅವಳಿಗಿಂತ ಮೊದಲೇ ಬಂದು ಕಟ್ಟಾಯದ ತವರಿನ ಕೊಟ್ಟಿಗೆ ಸೇರಿತು. ದಿಲೀಪನೇ ಹೊಸ ಬೀಗ ತಂದು ಹಾಕಿ, ಕೀಯನ್ನು ನಿಸರ್ಗಳ ಗಂಡ ಶಶಿಕುಮಾರನಿಗೆ ಕೊಟ್ಟ. ತಂಗಿ ಬರುವ ಹಿಂದಿನ ದಿನ ಕಾರು ಮಾಯ! ಬೀಗ ಮುರಿದಿರಲಿಲ್ಲ. “ಈ ಸುಂಕದ ದುಡ್ಡಲ್ಲಿ ಇಲ್ಲೇ ಒಳ್ಳೆ ಕಾರು ಬತ್ತಿತ್ತು, ಇದನ್ನ ಕೆರೆಗೆ ನೂಕ್ತೀನಿ,” ಎಂದು ಶಶಿಕುಮಾರ ಕೂಗಾಡಿದ್ದೂ ಊರಿಗೆಲ್ಲ ಕೇಳಿತ್ತು.

ಕಟ್ಟಾಯಕ್ಕೆ ಹೋದರೆ ಅಲ್ಲಿ ರಣರಂಗ.

“ನಾನ್ ಮುಟ್ಟಿಲ್ಲ ಕಣವ್ವ,” ಎಂದ ಶಶಿಕುಮಾರ.

“ಮುಚ್ಚಲಾ ಬಾಯಿ! ಮಗನ್ನ ಹೆತ್ತಿಲ್ಲ ನಾನು, ಮಾರೀನ ಹೆತ್ತಿದ್ದೀನಿ,” ಎಂದಳು ತಾಯಿ ಸುಬ್ಬಮ್ಮ.

“ಅಣ್ಣ ಅಂತ ಕರೆಯೋಕೆ ಅಸಹ್ಯ ಆಗ್ತದೆ,” ಎಂದಳು ಭವ್ಯಶ್ರೀ.

ನಿಸರ್ಗ ಸುಮ್ಮನಿರುವವಳೇ? “ಮುಖಕ್ಕೆ ಬಳ್ಕೊಳೋ ಕ್ರೀಮು ಕೈಗೂ ಬಳ್ಕೊಳ್ಳೇ! ಬಲಗೈ ಬೆಳ್ಳಗೆ, ಎಡಗೈ ಕಾವಲಿ!”

ಚಲುವಯ್ಯನಿಗೆ ಎಲ್ಲರನ್ನೂ ಒಂದೇ ಲಾಕಪ್ಪಿಗೆ ಹಾಕಬೇಕೆನ್ನಿಸಿತು. ಜಯಲಕ್ಷ್ಮಮ್ಮ ಮಾತ್ರ ಆ ಎಡಗೈಯನ್ನು ನೋಡಿ, ಕೊಟ್ಟಿಗೆಗೆ ನಡೆದರು. ಮಣ್ಣಿನಲ್ಲಿ ಚಕ್ರದ ಗುರುತು ಇನ್ನೂ ಇತ್ತು.

“ಕಾರು ನಿಲ್ಲಿಸಿದ್ದು ಹೇಗೆ?”

“ದಿಲೀಪ ಸೀದಾ ಮುಂದ್ಕೆ ನುಗ್ಸಿ, ಇಳ್ದು, ಟಾರ್ಪಾಲು ಮುಚ್ಬುಟ್ಟ. ಯಾರ್ನೂ ಅತ್ರ ಬಿಡ್ನಿಲ್ಲ,” ಎಂದಳು ಸುಬ್ಬಮ್ಮ.

“ಚಲುವಯ್ಯ, ಎಡಗಡೆ ಗೋಡೆಗೂ ಚಕ್ರದ ಗುರುತಿಗೂ ನಡುವೆ ನಿಂತ್ಕೊಳ್ರಿ.”

ಚಲುವಯ್ಯನ ಹೊಟ್ಟೆಯ ಮಾತು ಹಾಗಿರಲಿ, ಅಲ್ಲಿ ಬೆಕ್ಕು ನುಸುಳುವುದೂ ಕಷ್ಟವಿತ್ತು.

ಸಂಜೆ ದಿಲೀಪನನ್ನೂ ಕರೆಸಿ, ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

“ಭವ್ಯಾ, ಮಸ್ಕತ್ತಿನಲ್ಲಿ ನಿನ್ನ ಸ್ಟೀರಿಂಗ್ ಯಾವ ಕಡೆ?”

“ಎಡಗಡೆ. ಅಲ್ಲೆಲ್ಲ ಅಂಗೇ.”

“ಅದಕ್ಕೇ ಕಿಟಕಿ ಪಕ್ಕದ ನಿನ್ನ ಎಡಗೈ ಬಿಸಿಲಿಗೆ ಕಪ್ಪಾಗಿದೆ. ಆದರೆ ಕೊಟ್ಟಿಗೆಯ ಕಾರಿನ ಎಡಬಾಗಿಲು ತೆರೆಯೋಕೆ ಜಾಗವೇ ಇರಲಿಲ್ಲ. ದಿಲೀಪ ಇಳಿದದ್ದು ಬಲಗಡೆಯಿಂದ. ನಮ್ಮೂರಲ್ಲಿ ಎಲ್ಲ ಡ್ರೈವರೂ ಹಾಗೇ ಇಳಿಯೋದು, ಯಾರಿಗೂ ಅನುಮಾನ ಬರಲಿಲ್ಲ. ಇಳಿದವನಿಗೂ ಹೊಳೆಯಲಿಲ್ಲ. ಅದು ನಿನ್ನ ಕಾರೇ ಅಲ್ಲ.”

“ಬಾಂಬೇಲಿ ಸ್ಟೀರಿಂಗ್ ಬದಲಾಯಿಸ್ದೆ ಮೇಡಂ,” ಎಂದು ದಿಲೀಪ ತೊದಲಿದ.

“ಎಡಗಡೆ ಸ್ಟೀರಿಂಗ್ ಇರೋ ಹಳೇ ಕಾರನ್ನ ಬಂದರಿನಿಂದ ಆಚೆಗೇ ಬಿಡಲ್ಲ ಕಣಯ್ಯ. ಎಷ್ಟು ಸುಂಕ ಕಟ್ಟಿದರೂ ಬಿಡಲ್ಲ. ಅವಳ ಕಾರನ್ನ ಮಸ್ಕತ್ತಿನಲ್ಲೇ ಮಾರಿಸಿದೆ, ಸುಂಕದ ದುಡ್ಡನ್ನ ನುಂಗಿದೆ. ಅದೇ ಬಣ್ಣದ ಇಲ್ಲಿನ ಕಾರೊಂದನ್ನ ತಂದು ಮುಚ್ಚಿಟ್ಟೆ. ಅವಳು ಬಂದರೆ ನೋಡಿದ ಕೂಡಲೇ ಗೊತ್ತಾಗ್ತಿತ್ತು. ಹೊಸ ಬೀಗಕ್ಕೆ ಎರಡು ಕೀ ಬರುತ್ತೆ, ಒಂದನ್ನ ನೀನೇ ಇಟ್ಕೊಂಡಿದ್ದೆ. ಅವಳು ಬರೋ ಮೊದಲೇ ಅದರಲ್ಲಿ ಬೀಗ ತೆಗೆದು ಕಾರನ್ನ ಸಾಗಿಸಿದೆ.”

ದಿಲೀಪ ಬಾಗಿಲ ಕಡೆ ಜಿಗಿದ. ಚಲುವಯ್ಯ ಅವನ ಕೊರಳಪಟ್ಟಿ ಹಿಡಿದು, ಅರ್ಧ ದಿನದಿಂದ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಸೇರಿಸಿ ಮೂಲೆಗೆ ಕೂರಿಸಿದ.

ಸುಬ್ಬಮ್ಮ ಎದ್ದು ಮಗನ ತೋಳು ಮುಟ್ಟಿದಳು. “ಬಾ ಮಗ, ಉಣ್ಣುವಂತೆ.”

ಶಶಿಕುಮಾರ ಮೆಲ್ಲಗೆ ಆ ಕೈ ತೆಗೆದಿಟ್ಟ. ನಿಸರ್ಗ ಆಗಲೇ ಬಟ್ಟೆ ಗಂಟು ಕಟ್ಟಿದ್ದಳು.

“ಕಾರು ಕದ್ದಿದ್ದು ಅವ್ನು. ನನ್ನ ಕಳ್ಳ ಅಂದಿದ್ದು ನೀನು ಕಣವ್ವ. ನಾನ್ ಯಾರ್ ಮೇಲೆ ಕಂಪ್ಲೇಂಟು ಕೊಡ್ಲಿ?”