ಬೇಡದ ಸದ್ದು

೨೦೬೩ರ ಒಂದು ಬೆಳಿಗ್ಗೆ, ಮುಚ್ಚಿದ ಹಳೇ ಚಿನ್ನದ ಗಣಿಯ ತಳದಲ್ಲಿ ಕೂರಿಸಿದ್ದ 'ಕಿವಿ' ಎಂಬ ಯಂತ್ರ ನಮ್ಮ ಆಕಾಶಗಂಗೆಯ ನಕ್ಷತ್ರವೊಂದರ ಸಾವನ್ನು ಕೇಳಿಸಿಕೊಂಡಿತು. ಮೇಲಿನ ಕೋಣೆಯಲ್ಲಿದ್ದ ವಿಜ್ಞಾನಿ ಇಂಚರಾ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಇಪ್ಪತ್ತು ವರ್ಷ ಆಕೆ ಕಾದದ್ದು ಈ ಗುಂಯ್ ಸದ್ದಿಗೇ.

ಸಾಯುವ ದೊಡ್ಡ ನಕ್ಷತ್ರದ ಒಡಲು ಕುಸಿದು ಊರಗಲದ ನ್ಯೂಟ್ರಾನ್ ಉಂಡೆಯಾಗುತ್ತದೆ. ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತದೆ. ಅದರ ವಿಪರೀತ ಕಾಂತಶಕ್ತಿ ಅದನ್ನು ಒಂದಿಷ್ಟು ಸೊಟ್ಟ ಮಾಡುತ್ತದೆ. ಸೊಟ್ಟ ಬುಗುರಿ ನೆಲವನ್ನು ಅದುರಿಸಿದರೆ ಇದು ಆಕಾಶವನ್ನೇ ಅದುರಿಸುತ್ತದೆ. ಆ ಅದುರೇ ಗುರುತ್ವದ ಅಲೆ, 'ಕಿವಿ' ಕೇಳುವುದು ಅದನ್ನೇ; ಅದು ತಕ್ಷಣ ಹೊರಡುತ್ತದೆ. ಆದರೆ ಅದೇ ತಿರುಗುವಿಕೆಯಿಂದ ಬಲ ಪಡೆದ ಸ್ಫೋಟದ ಬೆಳಕಿಗೆ ನಕ್ಷತ್ರದ ಮೈ ಸೀಳಿ ಬರಲು ಒಂದು ದಿನ ಬೇಕು.

ಅಲೆ ಎಷ್ಟು ಸಣ್ಣದೆಂದರೆ, ಬಂಡೆ ಚೂರು ನರಳಿದರೂ ಮುಳುಗಿಹೋಗುತ್ತಿತ್ತು. ಅದಕ್ಕೇ ಇಂಚರಾ ಬಂಡೆಯ ಸದ್ದನ್ನೆಲ್ಲ ಸೋಸಿ 'ಬೇಡದ ಸದ್ದು' ಎಂಬ ಕಡತಕ್ಕೆ ಎಸೆಯುವ ಜರಡಿಯಂಥ ತಂತ್ರಾಂಶವೊಂದನ್ನು ತಾನೇ ಬರೆದಿದ್ದಳು. ಅದರ ಬಗ್ಗೆ ಒಂಚೂರು ಜಂಬವೂ ಇತ್ತು.

ಕೆಳಗೆ ಯಂತ್ರ ನೋಡಿಕೊಳ್ಳುತ್ತಿದ್ದವನು ಮುನೇಶಪ್ಪ, ಗಣಿ ಕೆಲಸದವರ ಮನೆಯವನು. ದಿನವೂ ಬಂಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದ. ಆಳದ ಒತ್ತಡಕ್ಕೆ ಸಿಡಿಯುವ ಮೊದಲು ಬಂಡೆ ಗೊಣಗುತ್ತದೆ ಎಂದು ಅವನಪ್ಪ ಹೇಳಿಕೊಟ್ಟಿದ್ದನಂತೆ.

"ಆ ಸದ್ದನ್ನ ಎಸೀಬ್ಯಾಡಿ ಮೇಡಂ, ಯಾರಾದ್ರೂ ಒಬ್ರು ಕೇಳ್ತಾ ಇರ್ಲಿ" ಎಂದು ಹೋದ ತಿಂಗಳು ಕೇಳಿಕೊಂಡಿದ್ದ. ಆಗಲಿ ಎಂದವಳು ಮರೆತೇಬಿಟ್ಟಿದ್ದಳು.

ದೇಶವಿದೇಶಗಳಿಂದ ಅಭಿನಂದನೆ ಬರುತ್ತಿದ್ದಾಗಲೇ ಕಾಲಡಿಯ ನೆಲ ಒಮ್ಮೆ ಜಿಗಿಯಿತು. ಕೆಳಗೆ ಬಂಡೆ ಸಿಡಿದಿತ್ತು. ಮುನೇಶಪ್ಪ ಮೇಲೆ ಬಂದದ್ದು ಹೆಣವಾಗಿ.

ಅವನನ್ನು ಮೇಲೆತ್ತುವಷ್ಟರಲ್ಲಿ ಇಂಚರಾ ಕೂತಲ್ಲೇ 'ಬೇಡದ ಸದ್ದು' ಕಡತ ತೆರೆದಿದ್ದಳು. ಬಂಡೆ ಗೊಣಗಿತ್ತು. ಅಂಗೈಗೆ ನಿಲುಕದಷ್ಟು ಸಣ್ಣಗೆ, ಆದರೆ ಯಂತ್ರಕ್ಕೆ ನಿಚ್ಚಳವಾಗಿ, ಗಂಟೆಗಂಟೆಗೂ ಹೆಚ್ಚುತ್ತ. ಜರಡಿ ಒಂದು ಚೂರೂ ಬಿಡದೆ ಅಷ್ಟನ್ನೂ ತೆಗೆದುಹಾಕಿತ್ತು. ಕೆಲಸ ಅಷ್ಟು ಅಚ್ಚುಕಟ್ಟು. ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಮಧ್ಯಾಹ್ನ ಮಣ್ಣು ಮಾಡುವ ಹೊತ್ತಿಗೆ ದಕ್ಷಿಣದ ಆಕಾಶದಲ್ಲಿ ಬಿಳಿ ಚುಕ್ಕಿ ಮೂಡಿತು. ಹಗಲಲ್ಲೇ ನಕ್ಷತ್ರ ಕಂಡಿತು ಎಂದು ಜನ ಸುಮ್ಮನೆ ಆಡುವ ಮಾತು ಅಂದು ನಿಜವಾಗಿತ್ತು. ಎಲ್ಲರೂ ಗೋಣೆತ್ತಿ ನೋಡಿದರು. ಮುನೇಶಪ್ಪನ ಹೆಂಡತಿ ಪ್ರಮೀಳ ಮಾತ್ರ ಇಂಚರಾಳನ್ನೇ ನೋಡಿದಳು.

"ಆ ಚುಕ್ಕಿ ಸಾಯೋದು ನಿಮ್ಗೆ ಮೊದ್ಲೇ ಗೊತ್ತಾಯ್ತಂತೆ?"

"ಹೌದಮ್ಮ. ಬೆಳಕು ಬರೋಕೆ ಒಂದು ದಿನ ಮೊದಲು."

"ಬಂಡೇದು?"

ಕಡತ ತೆರೆದವರು ಬೇರೆ ಯಾರೂ ಇರಲಿಲ್ಲ. ಸುಳ್ಳು ಹೇಳಬಹುದಿತ್ತು.

"ಮೂರು ದಿನ ಮೊದಲು" ಎಂದಳು ಇಂಚರಾ.