ಆರುನೂರ ನಲವತ್ತು ಲಕೋಟೆಗಳು

ಉಳ್ಳಾಲದ ಮುದುಕಿ ಬೀಫಾತಿಮ್ಮನಿಗೆ ಬಂದ ಲಕೋಟೆಯ ಮೇಲೆ ಅವಳದೇ ಹೆಸರಿತ್ತು. ಒಳಗಿದ್ದದ್ದು ಪಕ್ಕದ ಮನೆಯ ಮೋಕ್ಷಾಳ ರಕ್ತ, ಕಫದ ವರದಿ. ಕ್ಷಯ. ಓದಲು ಬಾರದ ಮುದುಕಿ ಯಾರಿಂದಲೋ ಓದಿಸಿದಳು. ಸಂಜೆಯೊಳಗೆ ಸುದ್ದಿ ಮೋಕ್ಷಾಳಿಗೆ ನಿಶ್ಚಯವಾಗಿದ್ದ ಗಂಡಿನ ಮನೆಗೂ ಮುಟ್ಟಿತ್ತು.

ಲಕೋಟೆ ಹೊರಟದ್ದು ಬಲ್ಮಠದ ನಮ್ಮ ಕಚೇರಿಯಿಂದ. ಆರೋಗ್ಯ ಶಿಬಿರ ನಡೆಸಿದ ಲ್ಯಾಬೊಂದರ ಪತ್ರ, ವರದಿಗಳನ್ನು ಮುದ್ರಿಸಿ ಅಂಚೆಗೆ ಹಾಕುವ ಕೆಲಸ ನಮ್ಮದಾಗಿತ್ತು. ಯಜಮಾನರಾದ ಹರಿದಾಸ ರಾಯರು, ಅಂಚೆ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿದ್ದು ನಿವೃತ್ತರಾದ ಡ್ಯಾಫ್ನಿ ಮೇಡಂ ಅವರನ್ನು ಜೆಪ್ಪುವಿನಿಂದ ಕರೆಸಿದರು. ಮೇಲ್ವಿಚಾರಕಿಯಾದ ನಾನು ಕಡತ ಹಿಡಿದು ಅವರ ಹಿಂದೆ ನಿಂತೆ.

ಅನುಮಾನ ಒಬ್ಬಳ ಮೇಲೆಯೇ ಇತ್ತು. ಕುಶಲಾ — ಲಕೋಟೆ ಯಂತ್ರ ನಡೆಸುವವಳು, ಮೋಕ್ಷಾಳ ಓಣಿಯವಳು. ನಲ್ಲಿನೀರಿಗಾಗಿ ಎರಡು ಮನೆಗೂ ಜಗಳ. ಕಚೇರಿಯ ದೇವರ ಪಟಕ್ಕೆಂದು ದಾಸವಾಳ ತಂದು ಕೊಡುವಾಗ ಅವಳೇ ನನ್ನಲ್ಲಿ ಅದನ್ನು ಹೇಳಿಕೊಂಡಿದ್ದಳು. ರಾಯರು ಕೇಳದಿದ್ದರೂ ನಾನು ಅವರ ಕಿವಿಗೆ ಹಾಕಿದ್ದೆ. ಸಂಜೆಯೊಳಗೆ ಬೇರೆ ಉತ್ತರ ಸಿಗದಿದ್ದರೆ ಅವಳ ಕೆಲಸ ಹೋಗುವುದಿತ್ತು.

"ಬೇಕೆಂದೇ ಬದಲಾಯಿಸಿದ್ದಾ?" ಮೇಡಂ ಕುಶಲಾಳನ್ನು ಕೇಳಿದರು.

"ಓದ್ಲಿಕ್ಕೆ ಸಮಯ ಎಲ್ಲಿ ಉಂಟು ಮೇಡಂ? ಎರಡು ಟ್ರೇ. ಒಂದರಲ್ಲಿ ಲಕೋಟೆಯ ಮೇಲೆ ಕಾಣುವ ವಿಳಾಸದ ಪತ್ರ, ಒಂದರಲ್ಲಿ ವರದಿ. ಯಂತ್ರವೇ ಒಂದೊಂದು ಎಳೆದು ಜೋಡಿಸ್ತದೆ."

ಎರಡೂ ಕಟ್ಟು ಪಿನ್‌ಕೋಡ್ ಮತ್ತು ಓಣಿಯ ಕ್ರಮದಲ್ಲಿರುತ್ತವೆ, ಅಂಚೆಯವರಿಗೆ ಸುಲಭವಾಗಲೆಂದು. ಮೇಡಂ ಪಟ್ಟಿಯ ಮೇಲೆ ಬೆರಳಾಡಿಸಿದರು. ಮೋಕ್ಷಾ. ಅವಳ ಕೆಳಗೆ ಬೀಫಾತಿಮ್ಮ. ಅದರ ಕೆಳಗೆ ಲೀಲಾಧರ.

"ಲೀಲಾಧರರಿಗೆ ಫೋನ್ ಮಾಡಿ."

ಮಾಡಿದೆ. ಅವರಿಗೆ ಬಂದದ್ದು ಬೀಫಾತಿಮ್ಮನ ವರದಿ. "ನನ್ನದು ಯಾರ ಕೈಯಲ್ಲಿ ಉಂಟೋ ಅಂತ ಹೆದರಿ ಸುಮ್ಮನಿದ್ದೆ ಮಾರಾಯ್ರೆ," ಎಂದರು.

ಹಾಗಾದರೆ ಒಂದಲ್ಲ — ಎಲ್ಲವೂ ತಪ್ಪಿದ್ದವು.

"ಕೊನೆಗೆ ಒಂದು ವರದಿ ಉಳಿದಿರಬೇಕಲ್ಲ?" ಎಂದರು ಮೇಡಂ.

"ಉಳಿದಿತ್ತು. ಅಕ್ಕನಿಗೆ ಕೊಟ್ಟೆ," ಎಂದಳು ಕುಶಲಾ.

ಎಲ್ಲರೂ ನನ್ನತ್ತ ತಿರುಗಿದರು. ಎರಡು ಸಲ ಮುದ್ರಣವಾಗಿರಬೇಕು ಎಂದುಕೊಂಡು ಹರಿದು ಹಾಕಿದ್ದೆ ಎಂದು ಒಪ್ಪಿಕೊಂಡೆ. ಮೇಡಂ ಲಕೋಟೆ ಎಣಿಸುವ ಯಂತ್ರದ ಮೀಟರಿನ ದಾಖಲೆ ತೆಗೆಸಿದರು: ಆರುನೂರ ಮೂವತ್ತೊಂಬತ್ತು. ರಿಜಿಸ್ಟರಿನಲ್ಲಿ ಆರುನೂರ ನಲವತ್ತು.

"ಇದು ಯಾರ ಅಕ್ಷರ?"

"ನನ್ನದು."

"ಮೀಟರ್ ನೋಡಿ ಬರೆದದ್ದಾ?"

"ಪಟ್ಟಿ ನೋಡಿ."

ಈ ಪತ್ರಗಳು ಮುದ್ರಣವಾದ ಸೋಮವಾರ ಇಲ್ಲಿ ಹೊಸತೇನಾದರೂ ಆಯಿತೇ ಎಂದು ಮೇಡಂ ರಾಯರನ್ನು ಕೇಳಿದರು. ಕಾಗದ ಪೋಲಾಗದಿರಲೆಂದು, ಪ್ರತಿ ಕೆಲಸಕ್ಕೆ ಮುಂಚೆ ಶಾಯಿ ನೋಡಲು ಪರೀಕ್ಷಾ ಹಾಳೆ ಮುದ್ರಿಸುವುದನ್ನು ಅಂದಿನಿಂದ ನಿಲ್ಲಿಸಿದ್ದೇವೆ ಎಂದು ರಾಯರು ಕೊಂಚ ಹೆಮ್ಮೆಯಿಂದಲೇ ಹೇಳಿದರು.

ಮೇಡಂ ನೇರ ದೇವರ ಪಟದ ಬಳಿ ನಡೆದರು. ಬಾಡಿದ ದಾಸವಾಳದ ಕೆಳಗೆ, ಕುಂಕುಮ ಹಚ್ಚಿದ ಹಾಳೆ. ನಾಲ್ಕು ದಿನದಿಂದ ಎಲ್ಲರ ಕಣ್ಣೆದುರೇ ಇತ್ತು. ಹೂ ಸರಿಸಿದರು. ಬಣ್ಣದ ಗೆರೆಗಳ ಪರೀಕ್ಷಾ ಹಾಳೆಯಲ್ಲ. ಪಟ್ಟಿಯ ಮೊದಲ ಹೆಸರಿನವಳಾದ ಮೆಲಿಸಾಳ ವಿಳಾಸದ ಪತ್ರ.

"ಹೊಸ ಕೆಲಸದ ಮೊದಲ ಹಾಳೆ ದೇವರಿಗೆ, ಅಲ್ವಾ?" ಎಂದರು. ಇಟ್ಟದ್ದು ನಾನೇ ಎಂದೆ. "ಇಷ್ಟು ದಿನ ಅದು ಪರೀಕ್ಷಾ ಹಾಳೆ, ತೆಗೆದರೆ ನಷ್ಟವಿಲ್ಲ. ಸೋಮವಾರ ಮೊದಲು ಬಂದದ್ದೇ ಪತ್ರ. ಒಂದು ಪತ್ರ ಇಲ್ಲಿ ಉಳಿಯಿತು, ವರದಿಗಳೆಲ್ಲ ಒಂದೊಂದು ಮನೆ ಮುಂದೆ ಸರಿದವು. ಓಣಿಯ ಕ್ರಮದಲ್ಲಿದ್ದದ್ದಕ್ಕೆ ಗುಟ್ಟು ಸರಿಯಾಗಿ ಪಕ್ಕದ ಮನೆಗೇ ಹೋಯಿತು. ಅದನ್ನು ನೋಡಿ ದ್ವೇಷ ಅಂದ್ಕೊಂಡ್ರಿ." ಅವರು ದನಿ ಏರಿಸಲಿಲ್ಲ. "ತಪ್ಪು ನಿಮ್ಮದು, ಶ್ರೀಲಕ್ಷ್ಮಿ. ಹಾಳೆ ತೆಗೆದದ್ದು ಅಭ್ಯಾಸ ಅನ್ನುವ. ಮೀಟರ್ ನೋಡದೆ ಬರೆದದ್ದು? ಇವಳ ಹೆಸರು ಹೇಳಿದ್ದು?"

ದೇವಸ್ಥಾನದ ಮನೆಯವಳು ನಾನು. ಮೊದಲ ಹಾಳೆ ದೇವರ ಮುಂದಿಡುವ ಆ ಕ್ರಮ, ನೋಡದೆಯೇ ಕೈ ಮಾಡಿಬಿಡುವಷ್ಟು ರೂಢಿಯಾಗಿತ್ತು. ಆದರೆ ಕೊನೆಯ ಪ್ರಶ್ನೆಗೆ ರೂಢಿಯ ನೆಪವೂ ಇರಲಿಲ್ಲ.

ರಾಯರು ಗೋಡೆ ನೋಡುತ್ತಿದ್ದರು. ಕುಶಲಾ ಬಾಡಿದ ಹೂವನ್ನು ಕಸದ ಬುಟ್ಟಿಗೆ ಹಾಕಿದಳು.

"ಮೋಕ್ಷಾಳ ಮನೆ ತೋರಿಸ್ತೀಯಾ?" ಎಂದು ಕೇಳಿದೆ. ಅವಳ ಮುಖ ನೋಡಿ ಕೇಳಲಾಗಲಿಲ್ಲ.

"ಬನ್ನಿ," ಎಂದಳು. "ನನ್ನ ಮನೆ ದಾಟಿಯೇ ಹೋಗ್ಬೇಕು, ಅಕ್ಕ."