ಅಳಿಸುವ ಕೈ

ನಾಯಕನಟನ ಮುಖವನ್ನು ಹದಿನೈದು ವರ್ಷ ಕಾಪಾಡಿದವನನ್ನು ಸಿನಿಮಾ ಮಂದಿ ರಬ್ಬರ್ ಎಂದೇ ಕರೆಯುತ್ತಿದ್ದರು. ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಜೋತುಬಿದ್ದ ಗದ್ದ, ವಿಗ್ಗಿನ ಅಂಚು, ಕಿವಿಯ ಹಿಂದಿನ ತಂತಿ, ಕಣ್ಣ ಕೆಳಗಿನ ಚೀಲ ಎಲ್ಲವನ್ನೂ ಅಳಿಸುವುದು ಅವನ ಕಸುಬು. ಎಪ್ಪತ್ತು ಮುಟ್ಟಿದ ಮುದುಕ ತೆರೆಯ ಮೇಲೆ ನಲವತ್ತರವನಂತೆ ಕುಣಿದರೆ ಅದು ರಬ್ಬರನ ಕೈಗುಣ. ಶಿಳ್ಳೆ ಮಾತ್ರ ಮುದುಕನಿಗೆ.

ಈಗ ಯಂತ್ರ ಬಂದಿತ್ತು. ರಬ್ಬರ್ ತಿದ್ದಿದ ದೃಶ್ಯಗಳನ್ನೆಲ್ಲ ಅದಕ್ಕೆ ಉಣಿಸಿದರೆ ಸಾಕು, ನಟ ಸೆಟ್ಟಿಗೆ ಬರುವುದೇ ಬೇಡ. ಅದೇ ಮುಖ, ಅದೇ ದನಿ, ಏನು ಕೇಳಿದರೂ ಅವನದೇ ಧಾಟಿಯ ಉತ್ತರ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಪಳಗಿಸಿದವನೂ ರಬ್ಬರನೇ. ಪಳಗಿದ ಮಾರನೆಯ ದಿನ ನಟ ಅವನನ್ನು ಮನೆಗೆ ಕರೆಸಿದ.

"ನಾಳೆಯಿಂದ ಬರ್ಬೇಡ ಕಣೋ. ಇನ್ನು ಅಳಿಸೋಕೆ ಏನಿದೆ?"

"ಸಾರ್, ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ?"

"ಏನಂದೆ? ಜೋರಾಗಿ ಬೇಡ್ಕೋ."

ರಬ್ಬರ್ ಜೋರಾಗಿ ಬೇಡಿಕೊಂಡ. ನಟ ನಗುತ್ತಾ ಇನ್ನೊಮ್ಮೆ ಹೇಳಿಸಿದ. ಆಮೇಲೆ ಕಾಫಿ ತಂದ ಅಡುಗೆಯವಳ ಎದುರಿಗೂ ಹೇಳಿಸಿದ. ರಬ್ಬರನ ಮನಸ್ಸಿನಲ್ಲಿ ಮುದುಕ ಅಲ್ಲೇ ಸತ್ತ. ಉಳಿದದ್ದು ಕೆಲಸವಷ್ಟೆ.

ಕೆಲಸ ನೀರು ಕುಡಿದಷ್ಟು ಸಲೀಸಾಗಿ ಕಂಡಿತು. ಭಾನುವಾರ ಅಡುಗೆಯವಳಿಗೆ ರಜ. ಮಹಡಿಯ ಮೆಟ್ಟಿಲು ನುಣ್ಣನೆಯ ಕಲ್ಲಿನದು, ಕಡಿದು ಬೇರೆ. ಸಾವು ಇಂಥ ಗಳಿಗೆಯಲ್ಲೇ ಆಯಿತೆಂದು ಯಾವ ಡಾಕ್ಟರೂ ಹೇಳಲಾರ. ಕಡೆಯ ಸಲ ಜೀವಂತ ಕಂಡವರ ಮಾತೇ ಲೆಕ್ಕಕ್ಕೆ ಬರುತ್ತದೆ. ಪರವೂರಿನಲ್ಲಿರುವ ಮಗಳು ಪ್ರತಿ ಭಾನುವಾರ ಸಂಜೆ ಅಪ್ಪನಿಗೆ ವಿಡಿಯೋ ಕರೆ ಮಾಡುತ್ತಾಳೆ. ಈ ಸಲ ಅಪ್ಪನ ಬದಲು ಯಂತ್ರ ಮಾತಾಡಲಿ. ಆ ಹೊತ್ತಿಗೆ ರಬ್ಬರ್ ಹೊಸ ಚಿತ್ರದ ಪೂರ್ವಪ್ರದರ್ಶನದಲ್ಲಿ ತುಂಬಿದ ಸಭೆಯ ನಡುವೆ ಕೂತಿರುತ್ತಾನೆ. ನಟನ ಫೋನಿನ ಪಾಸ್‌ವರ್ಡ್ ಅವನಿಗೆ ಬಾಯಿಪಾಠ. ಹುಟ್ಟುಹಬ್ಬದ ಫೋಟೋವನ್ನೂ ರಬ್ಬರ್ ಒರೆಸದೆ ಮುದುಕ ಯಾರಿಗೂ ತೋರಿಸಿದವನಲ್ಲ.

ಮಗಳಿಗೆ ತೆರೆಯ ಮುಖ ಸಾಲದು, ಮನೆಯ ಮುಖವೇ ಬೇಕು. ಆದ್ದರಿಂದ ಇಷ್ಟು ವರ್ಷ ಅಳಿಸಿದ್ದನ್ನು ರಬ್ಬರ್ ಮತ್ತೆ ಅಂಟಿಸತೊಡಗಿದ. ಗದ್ದ ಜೋತಿತು, ತಲೆ ಬೋಳಾಯಿತು, ಕಣ್ಣ ಕೆಳಗೆ ಚೀಲ ತೂಗಿತು. ಅವನ ಹೆತ್ತ ತಾಯಿಗೂ ಈ ಮುಖ ನನ್ನಷ್ಟು ಗೊತ್ತಿರಲಾರದು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಭಾನುವಾರ ಮಧ್ಯಾಹ್ನ ತಳ್ಳಿದಾಗ ಮುದುಕ ಕೂಗಲೂ ಇಲ್ಲ. ಕೆಳಗೆ ಬಿದ್ದು ಇನ್ನೂ ಉಸಿರಾಡುತ್ತಾ ತುಟಿ ಅಲುಗಿಸುತ್ತಿದ್ದ. ರಬ್ಬರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಏನಂದ್ರಿ ಸಾರ್? ಜೋರಾಗಿ ಬೇಡ್ಕೊಳ್ಳಿ."

ಉಸಿರು ನಿಲ್ಲುವ ತನಕ ಅಲ್ಲಿಂದ ಅಲುಗಲಿಲ್ಲ. ಇಷ್ಟು ಹಗುರಾಗಿ ಅವನು ಎಷ್ಟೋ ವರ್ಷದಿಂದ ನಕ್ಕಿರಲಿಲ್ಲ.

ಅಂತ್ಯಕ್ರಿಯೆ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಅವನನ್ನು ಅದೇ ಮನೆಗೆ ಕರೆಸಿದ. ಸೋಫಾದಲ್ಲಿ ಮಗಳು ಕೂತಿದ್ದಳು, ಹೆಗಲ ಮೇಲೆ ಕೂಸು. ಚಿಕ್ಕವಳಿದ್ದಾಗಿನಿಂದ ಅವಳಿಗೆ ರಬ್ಬರ್ ಮಾಮ.

"ಮಗು ದೊಡ್ಡದಾದ್ಮೇಲೆ ತಾತನ್ನ ನೋಡ್ಲಿ ಅಂತ ಪ್ರತಿ ಕರೆನೂ ಉಳಿಸ್ಕೊಂಡಿದೀನಿ ಮಾಮ," ಎಂದಳು. "ಅವತ್ತು ಇವನು ಮಲಗಿದ್ದ. ಎದ್ದುಬಿಟ್ಟಾನು ಅಂತ ಪಿಸುಮಾತಲ್ಲೇ 'ಊಟ ಆಯ್ತಾ ಅಪ್ಪಾ' ಅಂದೆ. ಥಟ್ಟಂತ ಉತ್ತರ ಬಂತು. ಅಪ್ಪ ಯಾವತ್ತೂ ನನ್ನ ಮಾತು ಅಷ್ಟು ಚೆನ್ನಾಗಿ ಕೇಳಿಸ್ಕೊಂಡಿರ್ಲಿಲ್ಲ. ಖುಷಿಗೆ ಅತ್ತೇಬಿಟ್ಟೆ."

ರಬ್ಬರ್ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ತನ್ನ ಯಂತ್ರದ ಮೇಲೆ ಅವನಿಗೆ ಅಭಿಮಾನ ಉಕ್ಕಿತು.

ಇನ್ಸ್‌ಪೆಕ್ಟರ್ ಅವಳು ಉಳಿಸಿಕೊಂಡಿದ್ದ ಆ ಕರೆಯನ್ನು ಟೀವಿಯಲ್ಲಿ ಹಾಕಿ, ನಡುವೆ ನಿಲ್ಲಿಸಿ, ಮುದುಕನ ಕಿವಿಯನ್ನು ದೊಡ್ಡದು ಮಾಡಿ ತೋರಿಸಿದ. ಕಿವಿ ಬರಿದಾಗಿತ್ತು. "ಕಿವಿ ಮೆಷಿನ್ ಇಲ್ದಿದ್ರೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಅಪ್ಪಂಗೆ ಕೇಳಿಸ್ತಿರ್ಲಿಲ್ಲ," ಎಂದಳು ಮಗಳು, ಕೂಸಿನ ಬೆನ್ನು ತಟ್ಟುತ್ತಾ. "ಮನೆಯಲ್ಲಿ ಯಾವಾಗ್ಲೂ ಅದು ಹಾಕ್ಕೊಂಡೇ ನನ್ ಹತ್ರ ಮಾತಾಡೋರು. ಅಪ್ಪನ ಕಿವಿ ಹೀಗೆ ಬರಿದಾಗಿರೋದನ್ನ ನಾನು ನೋಡಿರೋದು ಸಿನಿಮಾದಲ್ಲಿ ಮಾತ್ರ. ಅಲ್ಲಿ ಅದನ್ನ ಅಳಿಸ್ತಿದ್ದೋರು ನೀವೊಬ್ರೇ ಅಲ್ವಾ ಮಾಮ?"